ಭಾಮೈದನ ಅಂಗಡಿಯಲ್ಲಿ ಒಂದು ತಟ್ಟೆ ನೂಡಲ್ಸ್

ನೂಡಲ್ಸ್ ಗಂಟಲಿಗೆ ಸಿಕ್ಕಿಕೊಳ್ಳಬಹುದಿತ್ತು. ಅರ್ಧ ಬಾಯೊಳಗೆ, ಅರ್ಧ ಗದ್ದದ ಮೇಲೆ ಜೋತುಬಿದ್ದ ಹೊತ್ತಿಗೇ ನನ್ನ ಖಾಯಂ ಗಿರಾಕಿಯೊಬ್ಬ ರಸ್ತೆಯಲ್ಲಿ ಹಾದುಹೋಗಬಹುದಿತ್ತು. ಮೊಟ್ಟೆ ಹುರಿದ ಬಾಣಲೆಯಲ್ಲೇ ನನ್ನದನ್ನೂ ಹುರಿದು, ಮೊಟ್ಟೆ ಮುಟ್ಟದ ನಾನು ತಿಂದು ಮುಗಿಸಿದ ಮೇಲೆ ಭಾಮೈದ ನಗುತ್ತಾ ಅದನ್ನು ಹೇಳಬಹುದಿತ್ತು. ಕೆಂಪು ಸಾಸಿನ ಬಾಟಲಿ ನನ್ನ ಬಿಳಿ ಅಂಗಿಯ ಮೇಲೆ ಉಗುಳಬಹುದಿತ್ತು. ‘ರುಚಿ ಹೆಂಗೈತೆ?’ ಅಂತ ಅವನು ಕೇಳಿ, ನಾನು ನಿಜ ಹೇಳಿಬಿಡಬಹುದಿತ್ತು. ಇದೆಲ್ಲಕ್ಕಿಂತ ಕೆಟ್ಟದ್ದು, ಅದು ನಿಜವಾಗಿಯೂ ರುಚಿಯಾಗಿರಬಹುದಿತ್ತು.

ಇಷ್ಟನ್ನೂ ನಾನು ಮೊದಲೇ ಯೋಚಿಸಿಟ್ಟುಕೊಂಡಿದ್ದೆ. ಯೋಚನೆ ಮಾಡುವುದೊಂದೇ ನನಗೆ ಒಲಿದ ವಿದ್ಯೆ. ಚಳ್ಳಕೆರೆಯಂಥ ಊರಲ್ಲೂ ಬೇಸಿಗೆಯಲ್ಲಿ ಮಳೆ ಬಂದರೇನು ಗತಿ ಅಂತ ಕೊಡೆ ಹಿಡಿದು ತಿರುಗುವವನು ನಾನು.

ನನ್ನದು ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಅಂಗಡಿ. ಅಪ್ಪ ಹಾಕಿದ್ದು, ನಾನು ಕೆಡಿಸದೆ ಇಟ್ಟುಕೊಂಡಿದ್ದು. ಹೆಂಡತಿಯ ತವರು ಮೊಳಕಾಲ್ಮೂರು, ಸೀರೆ ನೇಯುವ ಮನೆ. ಅವಳ ತಮ್ಮನಿಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಒಗ್ಗಲಿಲ್ಲ. ನನ್ನ ಅಂಗಡಿಗೆ ಬಂದ. ಬಜ್ಜಿ ಹಿಟ್ಟು ಕಲೆಸುವುದನ್ನು ನಾನೇ ಕಲಿಸಿದೆ. ಒಂದು ದಿನ ಹೇಳದೆ ಕೇಳದೆ ಬೆಂಗಳೂರಿಗೆ ಹೋದವನು, ತಲೆಗೊಂದು ಕರಿ ಟೋಪಿ ಹಾಕಿಕೊಂಡು ತಿರುಗಿ ಬಂದ. ಬಂದವನು ಊರಲ್ಲಿ ಎಲ್ಲೆಲ್ಲೂ ಜಾಗ ಇದ್ದರೂ ನನ್ನ ಅಂಗಡಿಯ ಎದುರಿಗೇ ಚೈನೀಸ್ ಫಾಸ್ಟ್ ಫುಡ್ ತೆರೆದ. ಬೋರ್ಡಿನ ಮೇಲೆ ಡ್ರ್ಯಾಗನ್ ಬೇಕು ಅಂದನಂತೆ. ನಮ್ಮೂರ ಪೇಂಟರ್ ಪಾಪ ಡ್ರ್ಯಾಗನ್ ಎಲ್ಲಿ ನೋಡಿರಬೇಕು? ಬೇಲಿಯ ಮೇಲಿನ ಓತಿಕ್ಯಾತವನ್ನೇ ಬರೆದು ಬಾಯಿಗೆ ಬೆಂಕಿ ಇಟ್ಟಿದ್ದ. ಆ ಓತಿಕ್ಯಾತ ಹಗಲೆಲ್ಲ ನನ್ನ ಬಾಣಲೆಯನ್ನೇ ದುರುಗುಟ್ಟಿ ನೋಡುತ್ತಿತ್ತು.

ಎದುರಿಗೆ ಅಂಗಡಿ ಹಾಕಿದ್ದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಅವನು ಬಾಯಿ ಬಿಟ್ಟ.

‘ಎದುರುಗಡೆ ಹೋಗ್ತೀರಾ? ಹೋಗ್ರಿ, ಹೋಗ್ರಿ. ಆ ಬಾಣ್ಲೇಲಿರೋ ಎಣ್ಣೆ ನಮ್ಮಕ್ಕನ ಮದುವೇದು ಕಣ್ರಪ್ಪಾ, ಹುಷಾರು!’

ಎಣ್ಣೆ ಮಿಲ್ಲುಗಳ ಊರಲ್ಲಿ, ಗಾಳಿಯಲ್ಲೇ ಶೇಂಗಾ ಹಿಂಡಿಯ ವಾಸನೆ ಇರುವ ಊರಲ್ಲಿ, ಒಬ್ಬನನ್ನು ಹಳೇ ಎಣ್ಣೆಯವನು ಅಂದರೆ ಅವನ ಹುಟ್ಟನ್ನೇ ಅಂದ ಹಾಗೆ. ನಾನೇನು ಸುಮ್ಮನಿದ್ದೆನೇ? ‘ಎರೆಹುಳಕ್ಕೆ ಬಣ್ಣ ಬಳಿದು ಕೊಡ್ತಾರೆ, ತಿಂದು ಬರ್ರಿ’ ಅಂತ ನನ್ನ ಗಿರಾಕಿಗಳಿಗೆ ಹೇಳಿದೆ. ಅಷ್ಟೇ. ಮಾತು ನಿಂತಿತು. ನಡುವೆ ಇದ್ದದ್ದು ಒಂದು ರಸ್ತೆ, ಒಂದು ಪಂಕ್ಚರ್ ಅಂಗಡಿ. ಆ ಪಂಕ್ಚರ್ ಸಾಬರಿಗೆ ಮಾತ್ರ ಹಬ್ಬ.

‘ಅರೇ ಭಾಯ್, ಜಗಳ ನಿಲ್ಲಿಸ್ಬ್ಯಾಡ್ರಿ’ ಅನ್ನುತ್ತಿದ್ದರು. ‘ಅವನು ನಿಮ್ಮನ್ನ ಬೈಕೊಂಡು ನಂಗೊಂದು ಪ್ಲೇಟ್ ಕೊಡ್ತಾನೆ. ನೀವು ಅವನ್ನ ಬೈಕೊಂಡು ಬಜ್ಜಿ ಕೊಡ್ತೀರಿ. ಮನೇಲಿ ಒಲೆ ಹಚ್ಚಂಗೇ ಇಲ್ಲ.’

ಹಾಗೇ ವರ್ಷಗಟ್ಟಲೆ ನಡೆಯುತ್ತಿತ್ತೋ ಏನೋ, ಮಗಳ ಕಿವಿ ಅಡ್ಡ ಬಂತು. ನಮ್ಮಲ್ಲಿ ಮಗು ಸೋದರಮಾವನ ತೊಡೆಯ ಮೇಲೆ ಕೂತೇ ಕಿವಿ ಚುಚ್ಚಿಸಿಕೊಳ್ಳಬೇಕು. ‘ಅಕ್ಕಸಾಲಿ ಚುಚ್ಚಿದ್ರೆ ಸಾಲದೇನು? ತೊಡೆ ಯಾರದಾದ್ರೇನು?’ ಅಂದೆ. ಹೆಂಡತಿ ನನ್ನ ಮುಖ ನೋಡಲಿಲ್ಲ.

‘ನನ್ನ ತಮ್ಮನ ತೊಡೆ ಮೇಲೇ ಆಗ್ಬೇಕು. ಇಲ್ಲಾಂದ್ರೆ ಬೋಳುಗಿವೀಲೇ ಇರ್ಲಿ ಬಿಡ್ರಿ. ದೊಡ್ಡೋಳಾದ ಮ್ಯಾಲೆ ಯಾಕೆ ಅಂತ ಕೇಳ್ತಾಳೆ. ನೀವೇ ಹೇಳೀರಂತೆ, ಎಣ್ಣೆ ಕಥೇನ.’

ಅವಳು ಮೊಳಕಾಲ್ಮೂರಿಗೆ ಹೇಳಿ ಕಳಿಸಿದಳು. ಅತ್ತೆ ಬೆಳಗಿನ ಬಸ್ಸಿಗೇ ಬಂದಿಳಿದರು. ಮಗನ ಅಂಗಡಿಗೆ ಹೋಗಿ ಬೈದರು, ನನ್ನ ಅಂಗಡಿಗೆ ಬಂದು ಮರ್ಯಾದೆಯಿಂದ ಬೈದರು. ಆಮೇಲೆ ತೀರ್ಪು ಕೊಟ್ಟರು.

‘ಅಳಿಯಾರೆ, ನೀವು ಅವನ ಅಂಗಡೀಲಿ ಕುಂತು ಉಣ್ರಿ. ಉಂಡಾದ ಮ್ಯಾಲೆ ಅವನು ನಿಮ್ಮ ಕೈಗೆ ನೀರು ಹಾಕ್ಲಿ. ಅಲ್ಲಿಗೆ ಮುಗೀತು. ಯಾರೂ ತಪ್ಪಾಯ್ತು ಅನ್ನಂಗಿಲ್ಲ, ಯಾರೂ ಹಳೇದು ಎತ್ತಂಗಿಲ್ಲ.’

ನಮ್ಮ ಕಡೆಯ ಕ್ರಮವೇ ಅದು. ಮುನಿಸಿಕೊಂಡವನ ಮನೆಯಲ್ಲಿ ಉಣ್ಣಬೇಕು, ಅವನು ಕೈಗೆ ನೀರೆರೆಯಬೇಕು. ಎಷ್ಟೋ ಹೊಲದ ಬದುವಿನ ಜಗಳಗಳು ಒಂದು ಚೊಂಬು ನೀರಿನಲ್ಲಿ ಹರಿದುಹೋದದ್ದನ್ನು ನಾನೇ ಕಂಡಿದ್ದೇನೆ. ನೀರು ಹಾಕುವ ಪಾಲು ಅವನದು, ಅದರ ಚಿಂತೆ ನನಗ್ಯಾಕೆ? ನನ್ನ ಚಿಂತೆಯೆಲ್ಲ ಉಣ್ಣುವುದರ ಮೇಲಿತ್ತು. ಅವನ ಅಂಗಡಿಯಲ್ಲಿ ಕಾಲೇಜು ಹುಡುಗರು ಮುಳ್ಳು ಚಮಚ ಹಿಡಿದು ನೂಡಲ್ಸನ್ನು ಸುತ್ತಿ ಸುತ್ತಿ ಎತ್ತುವುದನ್ನು ಇಲ್ಲಿಂದಲೇ ಕಂಡಿದ್ದೆ. ನನಗೆ ಬಾರದಿದ್ದರೆ? ಇಡೀ ಬಸ್ ಸ್ಟ್ಯಾಂಡ್ ಎದುರು ಭಾಮೈದ ನಕ್ಕರೆ?

ಪಾತ್ರೆ ಅಂಗಡಿಯಿಂದ ಒಂದು ಮುಳ್ಳು ಚಮಚ ತಂದೆ. ಹೆಂಡತಿಗೆ ಶಾವಿಗೆ ಒತ್ತಲು ಹೇಳಿ, ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ಕೂತೆ. ಶಾವಿಗೆ ಬರಲೊಲ್ಲದು, ಬಂದರೆ ನಿಲ್ಲಲೊಲ್ಲದು. ಬಾಗಿಲ ಸಂದಿಯಿಂದ ಹೆಂಡತಿ ನೋಡಿದಳು.

‘ಅದೇನ್ರೀ, ಕೋಳಿ ತಿಪ್ಪೆ ಕೆದರಿದಂಗೆ?’

‘ನಿನ್ನ ತಮ್ಮನ ಮುಂದೆ ಮಾನ ಉಳಿಸ್ಕೊಳ್ಳೋಕೆ ಕಣೇ.’

‘ನಿಮ್ಮ ಮಾನ ಕೈಯಾಗೆ ತಿಂದ್ರೆ ಹೋಗ್ತೈತಾ?’

ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವಾರ ಕಳೆಯುವುದರೊಳಗೆ ನಾನು ಶಾವಿಗೆಯನ್ನು ಎಲ್ಲಿ ಬೇಕಾದರೂ ಚುಚ್ಚಿ, ಸುತ್ತಿ, ಎತ್ತಬಲ್ಲವನಾದೆ. ಹಗೆಯನ್ನೇ ಹಾಗೆ ಸುತ್ತಿ ನುಂಗಿದಷ್ಟು ಹಿತವಾಗುತ್ತಿತ್ತು.

ಹೋದೆ. ಭಾಮೈದ ಬಾ ಅನ್ನಲಿಲ್ಲ, ಬೆಂಚು ಒರೆಸಿದ. ಅತ್ತೆ ಒಳಗಿನ ಸ್ಟೂಲಿನ ಮೇಲೆ, ಮಡಿಲಲ್ಲಿ ನನ್ನ ಮಗಳು. ಹೆಂಡತಿ ಬಾಗಿಲಲ್ಲಿ. ಸಾಬರು ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅವನು ಬಾಣಲೆ ತಿರುವಿ ಬೆಂಕಿ ಎಬ್ಬಿಸಿದ, ಬೇಕಾದದ್ದಕ್ಕಿಂತ ಎತ್ತರಕ್ಕೆ. ತಟ್ಟೆಯನ್ನು ನನ್ನ ಮುಂದೆ ಇಟ್ಟ ಅನ್ನುವುದಕ್ಕಿಂತ ಬಿಟ್ಟ ಅನ್ನಬೇಕು.

‘ಹೊಸಾ ಎಣ್ಣೆ’ ಅಂದ.

‘ಗೊತ್ತಾಗ್ತೈತೆ ಬಿಡು. ಎಲ್ಲಾ ಹೊಸದೇ, ಬುದ್ಧಿ ಒಂದು ಬಿಟ್ಟು.’

‘ಹಳೇದು ಎತ್ತಂಗಿಲ್ಲ!’ ಅತ್ತೆ ಒಳಗಿನಿಂದ ಗದರಿದರು.

ಅವನು ಪಕ್ಕದಲ್ಲೊಂದು ಮುಳ್ಳು ಚಮಚ ಇಟ್ಟಿದ್ದ. ಎತ್ತಿಕೊಂಡೆ. ಚುಚ್ಚಿದೆ, ಸುತ್ತಿದೆ, ಎತ್ತಿದೆ. ಒಂದು ಎಳೆಯೂ ಜಾರಲಿಲ್ಲ. ಗಂಟಲಿಗೆ ಸಿಗಲಿಲ್ಲ. ಮೊಟ್ಟೆಯ ವಾಸನೆ ಇರಲಿಲ್ಲ. ಸಾಸು ಬಾಟಲಿಯಲ್ಲೇ ಉಳಿಯಿತು. ಖಾಯಂ ಗಿರಾಕಿಯೊಬ್ಬ ಹಾದುಹೋದ. ನಾನು ಚಮಚ ಎತ್ತಿದ ಠೀವಿ ನೋಡಿ ನಿಂತೇ ಬಿಟ್ಟ. ರುಚಿ ಚೆನ್ನಾಗಿತ್ತು, ಹಾಳಾದ್ದು. ಆದರೆ ಯಾರೂ ಕೇಳಲಿಲ್ಲ. ಕೊನೆಯ ಎಳೆಯನ್ನೂ ಸುತ್ತಿ ನುಂಗಿ, ಪೇಪರಿನಲ್ಲಿ ಮೀಸೆ ಒರೆಸಿಕೊಂಡು, ಗೆದ್ದೆ ಅಂತ ಎದ್ದು ಹೊರಗೆ ಬಂದೆ.

ಮೋರಿಯ ಪಕ್ಕ ಭಾಮೈದ ನಿಂತಿದ್ದ. ಕರಿ ಟೋಪಿ ತೆಗೆದಿದ್ದ. ಕೈಯಲ್ಲಿ ತಾಮ್ರದ ಚೊಂಬು, ಅತ್ತೆ ಊರಿಂದ ಚೀಲದಲ್ಲಿ ಹೊತ್ತು ತಂದದ್ದು.

‘ಕೈ ನೀಡು ಭಾವ’ ಅಂದ. ಭಾವ ಅಂದು ಎಷ್ಟು ಕಾಲವಾಗಿತ್ತೋ.

ನಾನು ಎರಡೂ ಕೈ ಎತ್ತಿ ತೋರಿಸಿದೆ. ಹೆಮ್ಮೆ ತಡೆಯಲಾಗಲಿಲ್ಲ. ‘ಬ್ಯಾಡ ಬಿಡಲೇ, ಕೈಗೆ ಒಂದೆಳೆ ಸೈತ ಅಂಟಿಲ್ಲ, ನೋಡು!’

ಅವನು ನೋಡಿದ. ಆಮೇಲೆ ಅವ್ವನ ಕಡೆ ತಿರುಗಿದ.

‘ಕಂಡ್ಯಾ ಅವ್ವಾ? ನಾ ಮಾಡಿದ್ದನ್ನ ಕೈಯಾಗೆ ಮುಟ್ಟಲಿಲ್ಲ. ಹೇಸಿಗೆ ಎತ್ತಿದಂಗೆ ಚುಚ್ಚಿ ಎತ್ತಿದ.’

‘ಚಮಚ ಇಟ್ಟೋನು ನೀನೇ ಅಲ್ಲೇನಲೇ?’ ಅಂದೆ.

‘ಎಲ್ಲಾರ್ಗೂ ಇಡ್ತೀನಿ. ನೀನು ಎಲ್ಲಾರಂಗೆ ತಿಂದೆ. ಹೋಗು.’

‘ಹಾಕಲೇ, ನೀರು ಹಾಕು’ ಅಂತ ಕೈ ಚಾಚಿದೆ. ಅವನು ಚೊಂಬಿನ ನೀರನ್ನು ಮೋರಿಗೆ ಚೆಲ್ಲಿದ. ಅತ್ತೆ ಖಾಲಿ ಚೊಂಬು ಇಸಿದುಕೊಂಡು ಚೀಲಕ್ಕೆ ಹಾಕಿದರು, ಮಗಳನ್ನು ನನ್ನ ಕೈಗೆ ಕೊಟ್ಟರು. ‘ಕಿವಿಗೆ ಬ್ಯಾರೆ ತೊಡೆ ನೋಡ್ಕಳ್ರಿ’ ಅಂದು ಬಸ್ಸಿನ ಕಡೆ ನಡೆದರು. ಹೆಂಡತಿ ಆಗಲೇ ರಸ್ತೆ ದಾಟಿಯಾಗಿತ್ತು.

ರುಚಿಯೊಂದು ಬಿಟ್ಟರೆ, ನಾನು ಹೆದರಿದ್ದರಲ್ಲಿ ಒಂದೂ ಆಗಿರಲಿಲ್ಲ. ಅಂಗಿ ಬೆಳ್ಳಗಿತ್ತು, ಮೀಸೆ ಚೊಕ್ಕವಾಗಿತ್ತು. ಬಲಗೈ ಒಣಗಿತ್ತು, ಅಷ್ಟೇ.