ಎತ್ತಿಗೆ ಹೇಳುವಷ್ಟಾದರೂ

ನಮ್ಮ ಮನೆಯಲ್ಲಿ ಏಳುವುದಕ್ಕೆ, ಮೀಯುವುದಕ್ಕೆ, ಪೇಪರು ಓದುವುದಕ್ಕೆ ನಾನು ಹೊತ್ತು ಗೊತ್ತು ಮಾಡಿದ್ದೇನೆ. ಮನೆಯವರು ಇದನ್ನು ಶಿಸ್ತು ಎನ್ನುವುದಿಲ್ಲ, ಕಾಟ ಎನ್ನುತ್ತಾರೆ. ತಕರಾರಿಲ್ಲದ ನಿಯಮ ಒಂದೇ: ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅದು ನಾನು ಮಾಡಿದ್ದಲ್ಲ. ನಮ್ಮ ಜೈನರ ಮನೆಗಳಲ್ಲಿ ತಲೆಮಾರುಗಳಿಂದ ಬಂದದ್ದು.

ಈ ನಿಯಮ ಮನೆಯಲ್ಲೊಬ್ಬ ಓಟಗಾರ್ತಿಯನ್ನು ತಯಾರು ಮಾಡೀತೆಂದು ನಾನು ಎಣಿಸಿರಲಿಲ್ಲ. ಮೊಮ್ಮಗಳು ಪದ್ಮಶ್ರೀ ಸಂಜೆ ಕರೋಶಿಯ ಶಾಲೆ ಮೈದಾನದಲ್ಲಿ ಓಟದ ಅಭ್ಯಾಸ ಮಾಡುತ್ತಾಳೆ. ನಮ್ಮ ಮನೆ ಊರ ಹೊರಗೆ, ತೋಟದಲ್ಲಿ. ಅಭ್ಯಾಸ ಮುಗಿಯುವಾಗ ಸೂರ್ಯ ಕಬ್ಬಿನ ಗರಿಗಳ ಮಟ್ಟಕ್ಕೆ ಇಳಿದಿರುತ್ತಾನೆ. ಗೆಳತಿಯರು ಹರಟುತ್ತ ಮನೆಗೆ ನಡೆದರೆ ಇವಳು ಸೂರ್ಯನೊಂದಿಗೆ ಪಂದ್ಯ ಕಟ್ಟಿ ಓಡಿ ಬರುತ್ತಾಳೆ. ಸೋತರೆ ಬೆಳಗಿನವರೆಗೆ ಉಪವಾಸ. ಇಂಥ ಖಡಕ್ ತರಬೇತುದಾರ ಇನ್ನೆಲ್ಲಿ ಸಿಕ್ಕಾನು?

ಮೊನ್ನೆ ಊಟ ಮುಗಿಸಿ ಎಲ್ಲರೂ ಟೀವಿಯಲ್ಲಿ ಹೆಂಗಸರ ಓಟ ನೋಡುತ್ತಿದ್ದೆವು. ವಿವರಣೆ ಕೊಡುತ್ತಿದ್ದವನು ಹಿಂದೆ ಬಿದ್ದವಳೊಬ್ಬಳನ್ನು ತೋರಿಸಿ, "ಈ ನಡಿಗೆ ಮದುವೆ ಮೆರವಣಿಗೆಗೆ ಸರಿ. ಮುಖಕ್ಕೆ ಸ್ವಲ್ಪ ಬಣ್ಣ ಹಚ್ಚಿಕೊಂಡಿದ್ದರೆ ನೋಡುವುದಕ್ಕಾದರೂ ಚೆನ್ನಾಗಿರುತ್ತಿತ್ತು" ಎಂದ. ಪಕ್ಕದಲ್ಲಿದ್ದವನು ನಕ್ಕ.

ಮಗ ಬಾಹುಬಲಿ ಟೀವಿ ಆರಿಸಿದ. "ಅಷ್ಟ ದೊಡ್ಡ ಆಟಗಾರ್ತ್ಯಾರಿಗೇ ಹಿಂಗ ಅಂತಾರ. ಹಾರೂಗೇರ್ಯಾಗ ಮೈಕ್ ಹಿಡದಾಂವ ನಮ್ಮ ಹುಡಗಿಗೆ ಏನ್ ಅಂದಾನು? ರವಿವಾರದ ಓಟಕ್ಕ ಹೋಗೂದ ಬ್ಯಾಡ ಪದ್ಮಾ."

"ಅಂವಗ ನಾಲಿಗಿ ಮ್ಯಾಲ ಹಿಡತ ಇಲ್ಲಂತ ನಾ ಯಾಕ ಮನ್ಯಾಗ ಕುಂಡ್ರಲಿ, ಪಪ್ಪಾ?"

ಅವಳು ವರ್ಷವಿಡೀ ಕಾದದ್ದು ಆ ಓಟಕ್ಕೇ.

ನನಗೆ ನಮ್ಮ ಪುರಾಣದ ಮಾತು ನೆನಪಾಯಿತು. ಮೊದಲ ತೀರ್ಥಂಕರ ಆದಿನಾಥರು ಒಬ್ಬ ಮಗಳಿಗೆ ಅಕ್ಷರ, ಇನ್ನೊಬ್ಬಳಿಗೆ ಅಂಕಿ ಕಲಿಸಿದರಂತೆ. ಲೋಕಕ್ಕೆ ಎರಡೂ ಬಂದದ್ದು ಅಲ್ಲಿಂದಲೇ. ಹಾಗಾದರೆ ಟೀವಿಯ ಆ ಮಹಾಶಯ ಓದಿದ ಹೆಸರು, ಹೇಳಿದ ಸೆಕೆಂಡು ಎರಡೂ ಹೆಣ್ಣುಮಕ್ಕಳ ಕಡೆಯಿಂದ ಬಂದವು. ಅವನ ಸ್ವಂತದ್ದೆಂದರೆ ಆ ಬಣ್ಣದ ಮಾತೊಂದೇ.

"ನಾ ಕರಕೊಂಡ ಹೋಗ್ತೀನಿ. ಮೈಕಿನಾಂವನ ಜವಾಬ್ದಾರಿ ನಂದು" ಎಂದುಬಿಟ್ಟೆ. ಹೆಂಡತಿಯ ಬಾಯನ್ನೇ ಹಿಡಿಯಲಾಗದವನು ಮೈಕಿನವನ ಬಾಯಿ ಹಿಡಿಯುವುದೆಂತು?

ರವಿವಾರ ಬುತ್ತಿ ಕಟ್ಟಿಸಿಕೊಂಡು ಮೊದಲ ಬಸ್ಸಿಗೇ ಹೊರಟೆವು. ಹಾರೂಗೇರಿಯಲ್ಲಿ ಇಳಿದು ನೇರ ಮೈಕಿನವನ ಬಳಿಗೆ ಹೋದೆ. ಅವನು ಸುತ್ತಲಿನ ಎತ್ತಿನ ಗಾಡಿ ಶರ್ಯತ್ತುಗಳಲ್ಲಿ ಹೆಸರಾದ ಗಂಟಲಿನವನು. "ಬರ್ರಿ ಕಾಕಾ, ಕುಂಡ್ರಿ" ಎಂದ.

"ಶರ್ಯತ್ತಿನ್ಯಾಗ ಎತ್ತಿನ ಬಗ್ಗೆ ಏನೇನ್ ಹೇಳ್ತೀರಿ?"

"ಹೆಸರ, ಊರ, ಎಷ್ಟ ಮುಂದ ಐತಿ, ಎಷ್ಟ ದಮ್ ಐತಿ. ಮತ್ತೇನ್ ಹೇಳೂದ್ರಿ?"

"ಮುಖಕ್ಕ ಪಾವಡರ್ ಹಚ್ಚೇತೋ ಇಲ್ಲೋ ಹೇಳೂದಿಲ್ಲೇನು?"

ಅವನು ಗೊಳ್ಳೆಂದು ನಕ್ಕ. ಟೀವಿಯ ಮಾತನ್ನೂ ಮಗನ ಹೆದರಿಕೆಯನ್ನೂ ಹೇಳಿದೆ. ನಗು ನಿಂತಿತು.

"ಹುಡಗ್ಯಾರಿಗೂ ಅಷ್ಟ ಹೇಳ್ರಿ. ಎತ್ತಿಗೆ ಕೊಡೂ ಮರ್ಯಾದಿ ಕೊಟ್ಟರ ಸಾಕು" ಎಂದೆ.

ಬೆಳಗಿನ ಓಟ ನಮ್ಮ ಕಡೆಯ ಪದ್ಧತಿಯಂತೆ ಸಂಜೆಗೆ ಬಂತು. ಯಾರನ್ನು ಬಯ್ಯಬೇಕೆಂದು ಯೋಚಿಸುತ್ತಿದ್ದಾಗಲೇ ಮೈಕು ಗುಡುಗಿತು: "ಕರೋಶಿ ಪದ್ಮಶ್ರೀ! ಹಿಂದ ಇದ್ದಾಕಿ ಮುಂದ ಬಂದಳ್ರಿ! ಏನ್ ದಮ್ಮು, ಏನ್ ದಮ್ಮು!"

ಎರಡನೆಯವಳಾಗಿ ಗೆರೆ ದಾಟಿದವಳು ಪಡುವಣ ಕಡೆಗೊಮ್ಮೆ ನೋಡಿ ನೇರ ನನ್ನ ಬಳಿಗೆ ಓಡಿಬಂದಳು. "ಅಜ್ಜಾ, ಡಬ್ಬಿ ತಗಿ, ಹೊತ್ತ ಹೋಗಾಕತ್ತೇತಿ!" ಧೂಳಿನಲ್ಲೇ ಕುಳಿತು ರೊಟ್ಟಿ ಮುರಿದಳು.

ಆಗ ಬಾಹುಬಲಿಯ ಫೋನು. ಗೆದ್ದಳೋ ಸೋತಳೋ ಅವನು ಕೇಳಲಿಲ್ಲ. "ಮೈಕಿನಾಂವ ಏನಂದ ಅಪ್ಪಾ?"

"ಹುಡಗಿಗೆ ದಮ್ ಐತಿ ಅಂದ."

ಅವನು ಮಾತು ಹೊರಳಿಸಿದ: "ಅಕೀ ಬೂಟ ಹರದಾವು. ಬರೂಮುಂದ ಒಂದ ಜೋಡ ಕೊಡಿಸ್ಕೊಂಡ ಬಾ."

ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ, "ಹುಡಗಿಗಲ್ರಿ? ಗುಲಾಬಿ ಬಣ್ಣದ್ದು ಚೆಂದ ಕಾಣಸ್ತೈತಿ" ಎಂದ. ಇನ್ನೊಬ್ಬ ವಿವರಣೆಕಾರ! ಎತ್ತಿನ ಪಾಠ ಮತ್ತೆ ಶುರು ಮಾಡಲು ನಾನು ಗಂಟಲು ಸರಿಮಾಡಿಕೊಂಡೆ.

"ಚೆಂದ ಕಾಣೂದ ಇರಲಿ, ಅಣ್ಣಾ" ಎಂದಳು ಪದ್ಮಾ, ಬೂಟು ಮಗುಚಿ ಅಡಿಯನ್ನು ಬೆರಳಿನಿಂದ ಒತ್ತಿ ನೋಡುತ್ತ. "ಸೂರ್ಯಾನ್ ಕೂಡ ಓಡೂದೈತಿ. ಜಾರದಂಥಾದ್ದು ತೋರಸ್ರಿ."

ನಾನು ಬಾಯಿ ಮುಚ್ಚಿ ಬೆಂಚಿನ ಮೇಲೆ ಕುಳಿತೆ.