ಕಪ್ಪೆಯ ಕರುಳಲ್ಲಿ ಕಾಲುವೆಯ ಸುದ್ದಿ

ಬೆಳಗಿನ ಐದೂವರೆ. ಕೊಚ್ಚಿಯ ಹಿನ್ನೀರಿನ ದಂಡೆಯ ಶೆಡ್ಡಿನಲ್ಲಿ ಕಪ್ಪೆಯ ಬುಟ್ಟಿಗಳು ಬಂದಿಳಿಯುತ್ತಿವೆ. ಹಡಗೇರಿ ವಿದೇಶಕ್ಕೆ ಹೋಗುವುದು ಅವುಗಳ ಕಾಲು ಮಾತ್ರ, ಉಳಿದದ್ದೆಲ್ಲ ಕಸ. ಆ ಕಸಕ್ಕಾಗಿಯೇ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಗಾಜಿನ ಭರಣಿಗಳ ಚೀಲ ಹಿಡಿದು ದಾಕ್ಷಾಯಣಿ ಕಾದು ನಿಂತಿದ್ದಾರೆ. ಕಾಲು ಕತ್ತರಿಸುವ ಹೆಂಗಸೊಬ್ಬಳು ಕೆಂಪು ಚಿಂದಿ ಕಟ್ಟಿದ ಬುಟ್ಟಿಯನ್ನು ಇತ್ತ ತಳ್ಳುತ್ತಾಳೆ. "ಚೇಚೀ, ಇದು ಕಳಮಶ್ಶೇರಿ." ಯಾವ ಕಾಲುವೆಯ ಕಪ್ಪೆಗೆ ಯಾವ ಬಣ್ಣದ ಚಿಂದಿ ಎಂಬುದನ್ನು ಇಲ್ಲಿಯವರಿಗೆ ಕಲಿಸಿದವರು ದಾಕ್ಷಾಯಣಿಯೇ.

ಏಳು ಗಂಟೆಗೆಲ್ಲ ಅವರು ಪಾಲಾರಿವಟ್ಟಂನ ಬಾಡಿಗೆ ಮನೆಯೊಂದರಲ್ಲಿರುವ ಪುಟ್ಟ ಪ್ರಯೋಗಶಾಲೆಯಲ್ಲಿ ಇರುತ್ತಾರೆ. ಕರುಳನ್ನು ಸೀಳಿ, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರೊಳಗಿನ ಚಪ್ಪಟೆ ಹುಳುಗಳನ್ನು ಒಂದೊಂದಾಗಿ ಎಣಿಸುವುದು ಕೆಲಸ. ಒಂದು ಕಪ್ಪೆಗೆ ಇಪ್ಪತ್ತೈದು ನಿಮಿಷ, ದಿನಕ್ಕೆ ಹನ್ನೆರಡು ಕಪ್ಪೆ. ಒಂಬತ್ತು ವರ್ಷದಲ್ಲಿ ಲೆಕ್ಕ ಇಪ್ಪತ್ತು ಸಾವಿರ ದಾಟಿದೆ. ನೆರೆಯ ಮಕ್ಕಳು ಅವರನ್ನು ಕರೆಯುವುದು 'ತವಳಚ್ಚೇಚಿ' ಎಂದು, ಅಂದರೆ ಕಪ್ಪೆ ಅಕ್ಕ. "ಕರೆಯಲಿ, ಸುಳ್ಳಲ್ಲವಲ್ಲ" ಎನ್ನುತ್ತಾರೆ ಅವರು.

ದಾಕ್ಷಾಯಣಿ ಕುಂಬಳೆಯವರು. ಪತಿ ಉಪೇಂದ್ರರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಅವರ ವರ್ಗವಾದಾಗ, ಅಂದರೆ ೧೯೬೬ರಲ್ಲಿ, ಕೊಚ್ಚಿಗೆ ಬಂದರು. ತಿರುವನಂತಪುರದ ಜೀವವಿಜ್ಞಾನಿ ಡಾ. ಯಜ್ಞನಾರಾಯಣ, ಮೂಲತಃ ಮೈಸೂರಿನವರು, ಕಪ್ಪೆಗಳ ಮೇಲೆ ಸಂಶೋಧನೆ ನಡೆಸುತ್ತ ಕೊಚ್ಚಿಯಲ್ಲಿ ಎಣಿಕೆಗೆ ಜನ ಹುಡುಕುತ್ತಿದ್ದರು. ಇಂಟರ್‌ಮೀಡಿಯೆಟ್‌ನಲ್ಲಿ ಪ್ರಾಣಿಶಾಸ್ತ್ರ ಓದಿದ್ದ ದಾಕ್ಷಾಯಣಿ ಒಪ್ಪಿಕೊಂಡರು. "ಮೊದಲ ತಿಂಗಳು ಊಟ ಸೇರ್ತಿರ್ಲಿಲ್ಲ. ಅತ್ತೆ ಸ್ನಾನ ಮಾಡದೆ ಅಡಿಗೆಮನೆಗೆ ಬಿಡ್ತಿರ್ಲಿಲ್ಲ. ದಿನಕ್ಕೆ ಎರಡು ಸ್ನಾನ ಆಯ್ತು, ಅಷ್ಟೇ." ಕರುಳು ಕೆಡದಂತೆ ಹಾಕುವ ಫಾರ್ಮಾಲಿನ್‌ನ ಘಾಟಿಗೆ ಕಣ್ಣು ಈಗಲೂ ಕೆಂಪಾಗಿಯೇ ಇರುತ್ತದೆ.

ಅವರ ಬದುಕಿನ ದೊಡ್ಡ ಪರೀಕ್ಷೆ ಬಂದದ್ದು ೧೯೭೧ರ ಮಳೆಗಾಲದಲ್ಲಿ. ಕಳಮಶ್ಶೇರಿಯ ಕಾರ್ಖಾನೆಗಳ ಬದಿಯ ಕಾಲುವೆಯಿಂದ ಬಂದ ಕಪ್ಪೆಗಳಲ್ಲಿ ಹುಳುವೇ ಇಲ್ಲ. ದಾಕ್ಷಾಯಣಿ ದಿನವೂ ಸೊನ್ನೆ ಬರೆದರು. ಕೊಚ್ಚಿಗೆ ಬಂದು ಎಣಿಕೆಯ ಪುಸ್ತಕ ನೋಡಿದ ಯಜ್ಞನಾರಾಯಣರಿಗೆ ಸಿಟ್ಟು ಬಂತು. "ಕಾಲುವೆ ಕಪ್ಪೆ ಹೊಟ್ಟೇಲಿ ಹುಳ ಇಲ್ಲ ಅಂದ್ರೆ ಯಾರು ನಂಬ್ತಾರೆ? ಆತುರದಲ್ಲಿ ನೋಡಿದೀರಿ. ಈ ಪುಟಗಳನ್ನ ನಾನು ತೆಗೆದುಕೊಳ್ಳೋದಿಲ್ಲ" ಎಂದು ಹೇಳಿ ಹೋದರು. ಕೆಲಸವೂ ಹೋಗುತ್ತದೆಂದು ಮನೆಯಲ್ಲಿ ಎಲ್ಲರೂ ಅಂದುಕೊಂಡರು.

"ಕೆಲಸ ಹೋದ್ರೆ ಹೋಗ್ಲಿ ಅಂತ ಇತ್ತು. ಆದ್ರೆ ನೋಡದೆ ಬರೆದೆ ಅಂತ ಹೇಳಿದ್ದು ನನಗೆ ತಡೀಲಿಲ್ಲ."

ಮುಂದಿನ ವಾರ ಅವರು ಇಪ್ಪತ್ತು ಜೀವಂತ ಕಪ್ಪೆಗಳನ್ನು ಒದ್ದೆ ಬಟ್ಟೆಯ ಚೀಲಗಳಲ್ಲಿ ಕಟ್ಟಿಕೊಂಡು ತಿರುವನಂತಪುರದ ರೈಲು ಹತ್ತಿದರು. ಹತ್ತು ಕಳಮಶ್ಶೇರಿಯವು, ಹತ್ತು ದೂರದ ಗದ್ದೆಯವು. ದಾರಿಯುದ್ದಕ್ಕೂ ಚೀಲಗಳು ವಟಗುಟ್ಟಿದವು, ಎದುರು ಕುಳಿತವರು ಎದ್ದು ಬೇರೆ ಡಬ್ಬಿಗೆ ಹೋದರು. ಚೀಲಗಳ ಮೇಲೆ ಬರೀ ಅಂಕಿ. ಯಾವುದು ಎಲ್ಲಿಯದೆಂಬ ಪಟ್ಟಿ, ಬಾಯಿ ಅಂಟಿಸಿದ ಲಕೋಟೆಯಲ್ಲಿ. ಎರಡನ್ನೂ ವಿಜ್ಞಾನಿಯ ಮೇಜಿನ ಮೇಲಿಟ್ಟು ದಾಕ್ಷಾಯಣಿ ಹೇಳಿದ್ದು ಇಷ್ಟೇ: "ನೀವೇ ಕೊಯ್ದು ನೋಡಿ ಸಾರ್. ಲಕೋಟೆ ಆಮೇಲೆ ಒಡೆಯಿರಿ."

ಮರುದಿನವಿಡೀ ಯಜ್ಞನಾರಾಯಣರು ತಾವೇ ಕೊಯ್ದರು, ತಾವೇ ಎಣಿಸಿದರು. ಹತ್ತು ಕಪ್ಪೆಗಳಲ್ಲಿ ಹುಳು ತುಂಬಿತ್ತು. ಒಂಬತ್ತರಲ್ಲಿ ಒಂದೂ ಇಲ್ಲ, ಇನ್ನೊಂದರಲ್ಲಿ ಒಂದೇ ಒಂದು. ಲಕೋಟೆ ಒಡೆದಾಗ ಹುಳುವಿಲ್ಲದ ಒಂಬತ್ತೂ, ಒಂದೇ ಹುಳುವಿದ್ದ ಆ ಒಂದೂ ಕಳಮಶ್ಶೇರಿಯವೇ. ಯಜ್ಞನಾರಾಯಣರು ತಾವೇ ಕಾಫಿ ತರಿಸಿ, "ತಪ್ಪು ನಂದು ಕಣಮ್ಮ" ಎಂದರು.

ಇಬ್ಬರೂ ಆ ಕಾಲುವೆಗೆ ಇಳಿದು ಹುಡುಕಿದಾಗ ಕಾರಣ ಸಿಕ್ಕಿತು. ಈ ಹುಳುಗಳ ಮರಿ ಬೆಳೆಯುವುದು ನೀರಿನ ಬಸವನಹುಳುವಿನೊಳಗೆ. ಅಲ್ಲಿ ಕಾರ್ಖಾನೆಗಳ ಕೊಳೆನೀರಿಗೆ ಬಸವನಹುಳುಗಳೆಲ್ಲ ಸತ್ತು ಬರಿಯ ಚಿಪ್ಪು ಉಳಿದಿತ್ತು. ಕಪ್ಪೆ ಇನ್ನೂ ಕುಪ್ಪಳಿಸುತ್ತಿತ್ತು, ನೀರು ಮಾತ್ರ ಆಗಲೇ ಕೆಟ್ಟಿತ್ತು. ಆ ಸೊನ್ನೆಗಳೇ ಈಗ ಯಜ್ಞನಾರಾಯಣರ ಸಂಶೋಧನೆಯ ಬುನಾದಿ. "ದಾಕ್ಷಾಯಣಿಯವರು ಎಣಿಸಿದ್ದನ್ನ ನಾನೀಗ ಮತ್ತೆ ಎಣಿಸೋದಿಲ್ಲ" ಎನ್ನುತ್ತಾರೆ ಅವರು. ಅಚ್ಚಾದ ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ದಾಕ್ಷಾಯಣಿಯ ಹೆಸರಿದೆ. ಅತ್ತೆ ಆ ಪುಟವನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದಾರಂತೆ.

ಇಂದಿನ ಹನ್ನೆರಡನೆಯ ಕಪ್ಪೆ ಮುಗಿದಿದೆ. ಆಸೆ ಏನಾದರೂ ಉಂಟೇ ಎಂದು ಕೇಳಿದರೆ ದಾಕ್ಷಾಯಣಿ ಕೈ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

"ಆ ಕಾಲುವೆ ಸರಿಯಾಗ್ಬೇಕು. ಅಲ್ಲಿಯ ಕಪ್ಪೆಯ ಹೊಟ್ಟೆ ತುಂಬ ಹುಳ ಆಗ್ಬೇಕು. ನಾನು ಕೂತು ಎಣಿಸ್ಬೇಕು. ಎಷ್ಟು ಹೊತ್ತಾದ್ರೂ ಅಡ್ಡಿಯಿಲ್ಲ."