ಸಿರಿಲ್ ಅಂಕಲ್ ಟೀವಿಯಲ್ಲಿ ಬಂದ ಭಾನುವಾರ

ಸಿರಿಲ್ ಅಂಕಲ್, ನಾನು ನಿಮಗೆ ಸುಳ್ಳು ಹೇಳಿದೆ. ನೀವು ಹುಡುಕಿಕೊಡು ಎಂದದ್ದು ನನಗೆ ಸಿಕ್ಕಿತ್ತು. ಸಿಗಲಿಲ್ಲ ಎಂದೆ.

ನಾಲ್ಕು ವರ್ಷವಾಯಿತು. ಬಹರೇನಿನಲ್ಲಿ ನಾನು ಅಣಕಿಸದ ಕನ್ನಡಿಗರಿಲ್ಲ. ನನ್ನ ದಾವಣಗೆರೆ ಮಾತನ್ನೂ ಉದುರುತ್ತಿರುವ ಕೂದಲನ್ನೂ ಬಿಟ್ಟವನಲ್ಲ. ಆದರೆ ಈ ಸುಳ್ಳನ್ನು ಮಾತ್ರ ತಮಾಷೆ ಮಾಡಲಾಗಲಿಲ್ಲ.

ನಿಮ್ಮ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಅರವತ್ತರ ದಶಕದಲ್ಲಿ ಹಡಗಿನ ಅಡುಗೆ ಕೆಲಸ ಬಿಟ್ಟು ಎರಡು ವರ್ಷ ಲಂಡನ್ನಿನಲ್ಲಿದ್ದಿರಿ. ಅಲ್ಲಿ ಹೋಗಿ ನೆಲೆಸಿದ ನಮ್ಮ ದೇಶದವರಿಗಾಗಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಒಂದು ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ನೀವು ಮ್ಯಾಂಡೊಲಿನ್ ನುಡಿಸಿದ್ದನ್ನು ಮೊದಲೇ ಚಿತ್ರೀಕರಿಸಿಕೊಂಡಿದ್ದರು. ಅದು ಪ್ರಸಾರವಾದ ಭಾನುವಾರ ನಿಮ್ಮ ಬಾಡಿಗೆ ಮನೆಯ ಒಡತಿಯ ಟೀವಿ ಮುಂದೆ ಕುಳಿತವರು ಏಳಲೇ ಇಲ್ಲ. ಇನ್ನೊಮ್ಮೆ ತೋರಿಸಿದರೆ? ಚರ್ಚಿನ ಪೂಜೆ, ರೈತರಿಗೆ ಹಂದಿ ಸಾಕುವ ಪಾಠ, ಹಳೆಯ ಸಿನಿಮಾ, ಮಕ್ಕಳ ಗೊಂಬೆಯಾಟ, ವಾರ್ತೆ—ಎಲ್ಲ ನೋಡಿದಿರಿ. ಕೊನೆಗೆ ರಾಣಿಗಾಗಿ ರಾಷ್ಟ್ರಗೀತೆ ಬಂತು, ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಉಳಿಯಿತು, ಅದೂ ಆರಿತು.

ಇಲ್ಲಿಯ ನಮ್ಮ ಕನ್ನಡ ಕೂಟದ ವಾರ್ಷಿಕೋತ್ಸವದಲ್ಲಿ ಆ ಇಡೀ ದಿನವನ್ನು ನಾನು ಹನ್ನೆರಡು ನಿಮಿಷದಲ್ಲಿ ಆಡಿ ತೋರಿಸಿದೆ. ಪಾದ್ರಿಯಾದೆ, ಹಂದಿಯಾದೆ, ಮೊಣಕಾಲು ಹಿಡಿದುಕೊಂಡು ಕುಳಿತ ನೀವಾದೆ. ಕೊನೆಗೆ, ನೀವು ಟೀವಿಯಲ್ಲಿ ಬಂದೇ ಇರಲಿಲ್ಲ ಎಂಬಂತೆ ಒಂದು ತುಣುಕು ನಾನೇ ಸೇರಿಸಿದೆ: ಟೀವಿ ಆರಿದ ಮೇಲೆ ಕಪ್ಪು ಗಾಜಿನಲ್ಲಿ ತನ್ನದೇ ಮುಖ ಕಂಡು ಅಂಕಲ್ ಕುಣಿಯುತ್ತಾರೆ—"ಅಗೋ, ನಾನು ಬಂದೆ ಮಾರಾಯ್ರೇ!"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನೀವೂ ನಕ್ಕಿರಿ. ನಿಮ್ಮ ಪಕ್ಕದಲ್ಲಿ ಮೊಮ್ಮಗಳು ರಿಯಾ ನಗಲಿಲ್ಲ.

ಮರುವಾರ ನಿಮ್ಮ ಮನೆಯಿರುವ ಸನದ್‌ನಿಂದ ಬಸ್ಸು ಹಿಡಿದು ಮೀನಾ ಸಲ್ಮಾನ್ ಬಂದರಿನ ನನ್ನ ಗೋದಾಮು ಆಫೀಸಿಗೆ ಬಂದಿರಿ. ಬೆವರು ಒರೆಸಿಕೊಂಡಿರಿ. ಬೈಯುತ್ತೀರೆಂದು ಕಾದೆ.

"ನೀನು ಭಾರಿ ಲಾಯ್ಕ್ ಮಾಡಿದ್ದಿ ಮಗಾ. ಆದ್ರೆ ಮಗು ಕೇಳ್ತದೆ—ಗ್ರ್ಯಾಂಡ್‌ಪಾ, ಲೈ ಹೇಳಿದ್ದಾ ಅಂತ. ನಿಂಗೆ ಕಂಪ್ಯೂಟರ್ ಗೊತ್ತುಂಟಲ್ಲ? ಆ ದಿವಸದ ಪ್ರೋಗ್ರಾಮ್ ಲಿಸ್ಟ್ ಎಲ್ಲಿಯಾದ್ರೂ ಇರ್ಬಹುದು. ನೋಡು ಒಮ್ಮೆ."

ನೋಡಿದೆ. ಎರಡೇ ಸಂಜೆ ಸಾಕಾಯಿತು. ಹಳೆಯ ಟೀವಿ ಪತ್ರಿಕೆಯೊಂದನ್ನು ಯಾರೋ ಪುಟಪುಟವಾಗಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಪೂಜೆಯಿತ್ತು, ಹಂದಿಯಿತ್ತು, ಗೊಂಬೆಯಾಟವಿತ್ತು—ನೀವು ಹೇಳಿದ ಅದೇ ಸಾಲಿನಲ್ಲಿ. ಎಲ್ಲಕ್ಕಿಂತ ಮೇಲೆ, ಬೆಳಗಿನ ಕಾರ್ಯಕ್ರಮದ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಮ್ಯಾಂಡೊಲಿನ್ ನುಡಿಸಿದವರ ಹೆಸರು. ನಿಮ್ಮದು.

ಅದೇ ವಾರ ಮನಾಮಾದ ಇನ್ನೊಂದು ಸಂಘದವರು ನನ್ನನ್ನು ಕರೆದಿದ್ದರು. ಅವರಿಗೆ ಬೇಕಾಗಿದ್ದದ್ದು ಆ ಹನ್ನೆರಡು ನಿಮಿಷ ಮಾತ್ರ. ಆ ಪುಟ ಹೊರಬಂದರೆ ಕಪ್ಪು ಗಾಜಿನ ನಗೆ ಸಾಯುತ್ತದೆ. ಅದು ಸತ್ತರೆ ನನ್ನಲ್ಲಿ ಉಳಿಯುವುದೇನು? ಗೋದಾಮಿನ ಗುಮಾಸ್ತ.

ನೀವು ಫೋನ್ ಮಾಡಿದಿರಿ. "ಸಿಗಲಿಲ್ಲ ಅಂಕಲ್," ಎಂದೆ. ನೀವು "ಹಾಗಾದ್ರೆ ಇಲ್ಲ ಅಂತ ಕಾಣ್ತದೆ," ಎಂದಿರಿ.

ಆಮೇಲೆ ನಾನು ಆ ಭಾನುವಾರದೊಳಗೇ ಸಿಕ್ಕಿಬಿದ್ದೆ. ಮದುವೆಗೆ ಹೋದರೂ, ಓಣಂ ಊಟಕ್ಕೆ ಹೋದರೂ—"ಏ, ಟೀವಿ ಅಂಕಲ್ ಮಾಡೋ!" ಬೇರೇನಾದರೂ ಆಡಿದರೆ ಜನ ಫೋನ್ ನೋಡುತ್ತಾರೆ. ಪ್ರತಿ ಸಲ ಅದೇ ಪೂಜೆ, ಅದೇ ಹಂದಿ, ಅದೇ ಗಾಜು. ನಿಮ್ಮ ದನಿ ನನ್ನ ಗಂಟಲಿಗೆ ಎಷ್ಟು ಅಂಟಿತೆಂದರೆ ಒಬ್ಬನೇ ಚಹಾ ಕಾಯಿಸುವಾಗಲೂ "ಎಂತ ಮಾರಾಯಾ" ಎಂದುಕೊಳ್ಳುತ್ತೇನೆ. ನೀವು ಮಾತ್ರ ಕೂಟಕ್ಕೆ ಬರುವುದನ್ನೇ ಬಿಟ್ಟಿರಿ.

ಕಳೆದ ತಿಂಗಳು ನಿಮ್ಮ ಮಗಳು ಲವೀನಾ ಅಕ್ಕ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಾಗ ಸಿಕ್ಕಿದರು. "ಡ್ಯಾಡಿ ಕುಮ್ಸಾರ್‌ಗೆ ಹೋಗಿದ್ರು. ಪಾದ್ರಿಯವರ ಹತ್ರ ಪಾಪ ಹೇಳಿಕೊಂಡು ಬಂದು, ರಿಯಾ ಹತ್ರವೂ ಸಾರಿ ಕೇಳಿದ್ರು—ಅಷ್ಟು ವರ್ಷ ಟೀವಿಯ ಸುಳ್ಳು ಹೇಳಿದೆ ಅಂತ. ಪಾಪ, ಅವರಿಗೇ ಈಗ ನಂಬಿಕೆ ಇಲ್ಲ."

ಮಾಡದ ಪಾಪಕ್ಕೆ ನೀವು ಮೊಣಕಾಲೂರಿದ್ದಿರಿ. ಮಾಡಿದವನು ಆ ಶುಕ್ರವಾರವೂ ಮೈಕಿನ ಮುಂದೆ ಹಂದಿಯಾಗಿದ್ದ.

ಅಕ್ಕ ಹೇಳಿದ ಮರುದಿನವೇ ಪುಟವನ್ನು ಪ್ರಿಂಟ್ ಮಾಡಿಸಿಕೊಂಡು ನಿಮ್ಮಲ್ಲಿಗೆ ಬಂದೆ. ಎಲ್ಲ ಹೇಳಿದೆ. ಹೇಳುತ್ತ ಅತ್ತೆ—ನಾಟಕದಂತೆ ಕಂಡದ್ದು ಅದೇ ಏನೋ. ನೀವು ಕನ್ನಡಕ ಹಾಕಿಕೊಳ್ಳಲಿಲ್ಲ. ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟಿರಿ.

"ಈಗ ಕಂಪ್ಯೂಟರಲ್ಲಿ ಎಂತ ಬೇಕಾದ್ರೂ ಮಾಡ್ಬಹುದಂತೆ. ಅಳುವುದೂ ಲಾಯ್ಕ್ ಬರ್ತದೆ ನಿಂಗೆ. ಆದ್ರೆ ನಗ್ಲಿಕ್ಕೆ ಇಲ್ಲಿ ಜನ ಇಲ್ಲ ಮಗಾ. ಮತ್ತೆ ಯಾರಿಗೆ ಈ ನಾಟಕ?"

ಕಾಗದ ಜೇಬಿಗಿಟ್ಟು ಎದ್ದೆ. ನೀವೇ ಬಾಗಿಲವರೆಗೆ ಬಂದು, ಜಾಗ್ರತೆ ಹೋಗು ಎಂದಿರಿ.

ನೀವು ನನ್ನನ್ನು ನಂಬಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದ್ದರಿಂದ ಇದನ್ನು ಕೂಟದ ಸಂಚಿಕೆಗೆ ಕೊಡುತ್ತಿದ್ದೇನೆ, ಆ ಪುಟದ ಜೊತೆಗೆ, ಅದು ಇರುವ ಜಾಗದ ವಿಳಾಸದ ಜೊತೆಗೆ. ನಕ್ಕವರೆಲ್ಲ ತಾವೇ ತೆರೆದು ನೋಡಲಿ. ರಿಯಾಗೆ ಈಗ ಹನ್ನೆರಡು. ನನ್ನನ್ನೂ ನಿಮ್ಮನ್ನೂ ಕೇಳದೆ ಹುಡುಕಬಲ್ಲಳು. ಅವಳಿಗೆ ಸಿಗುತ್ತದೆ.